ಮೊದಲನೆಯದರ ಪಕ್ಕದಲ್ಲಿಟ್ಟು ಅಳೆಯಿರಿ

ಒಂದೂವರೆ ಇಂಚಿನ ತಪ್ಪನ್ನೂ ಬಿಡದೆ ಹಿಡಿಯುವ ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನನ್ನ ಅಕ್ಕನ ಲಿವರಿನಲ್ಲಿರುವ ಒಂದು ಚುಕ್ಕೆ ಎರಡು ವರ್ಷದಲ್ಲಿ ಒಂಬತ್ತು ಮಿಲಿಮೀಟರಿನಿಂದ ಇಪ್ಪತ್ತೊಂದು ಮಿಲಿಮೀಟರಿಗೆ ಬೆಳೆದಿದೆ. ಈ ಎರಡು ವರ್ಷದಲ್ಲಿ ನಿಮ್ಮ ಆಸ್ಪತ್ರೆ ಆಕೆಯ ಹೊಟ್ಟೆಯ ಸಿ.ಟಿ. ಸ್ಕ್ಯಾನನ್ನು ಏಳು ಸಲ ಮಾಡಿದೆ. ಮೊದಲನೆಯದನ್ನು ಬಿಟ್ಟರೆ ಉಳಿದ ಆರೂ ವರದಿಗಳ ಕೊನೆಯ ಸಾಲು ಅಕ್ಷರ ಬಿಡದಂತೆ ಒಂದೇ: ‘ಹಿಂದಿನ ಪರೀಕ್ಷೆಗೆ ಹೋಲಿಸಿದಾಗ ಗಮನಾರ್ಹ ಬದಲಾವಣೆ ಇಲ್ಲ.’ ಆರು ಸಲವೂ ಬದಲಾಗದೆ ಉಳಿದು, ಒಟ್ಟಿನಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಬೆಳೆಯುವ ವಿದ್ಯೆಯನ್ನು ಆ ಚುಕ್ಕೆ ಎಲ್ಲಿ ಕಲಿಯಿತೋ ನನಗೆ ಗೊತ್ತಿಲ್ಲ. ನಿಮ್ಮ ಕಚೇರಿಯಲ್ಲಿ ಕಲಿತಿರಬಹುದೆಂಬ ಗುಮಾನಿ ಮಾತ್ರ ಇದೆ.

ಇದೇ ಬರುವ ಗುರುವಾರ ನಿಮ್ಮಲ್ಲಿ ತಜ್ಞರ ಸಭೆ ಇದೆ. ಯಾರಿಗೆ ಶಸ್ತ್ರಚಿಕಿತ್ಸೆ, ಯಾರಿಗೆ ಔಷಧಿ, ಯಾರು ಇನ್ನೂ ಕಾಯಬೇಕು ಎಂಬುದನ್ನು ಅಲ್ಲಿ ನಿರ್ಧರಿಸುತ್ತಾರೆ. ಆ ಸಭೆಯ ಮುಂದೆ ರೋಗಿ ಹೋಗುವುದಿಲ್ಲ, ರೋಗಿಯ ವರದಿಯ ಕೊನೆಯ ಸಾಲು ಹೋಗುತ್ತದೆ. ಅಕ್ಕನ ಹೆಸರು ಕಳೆದ ಸಭೆಗೆ ಹೋಗಿ, ‘ವರದಿಯಲ್ಲಿ ಬದಲಾವಣೆ ಇಲ್ಲ, ನಾಲ್ಕು ತಿಂಗಳ ನಂತರ ನೋಡುವುದು’ ಎಂಬ ಷರಾದೊಂದಿಗೆ ವಾಪಸು ಬಂತು. ಚುಕ್ಕೆ ಈಗ ಒಂದೇ ಇದೆ, ಲಿವರಿನ ಅಂಚಿನಲ್ಲಿದೆ, ಕತ್ತರಿಸಿ ತೆಗೆಯಬಹುದಾದ ಜಾಗದಲ್ಲಿದೆ ಎಂದು ಕ್ಯಾನ್ಸರ್ ವಿಭಾಗದ ಡಾಕ್ಟರು ಹೇಳಿದ್ದಾರೆ. ನಾಲ್ಕು ತಿಂಗಳ ನಂತರವೂ ಒಂದೇ ಇರುತ್ತದೆ ಎಂದು ಹೇಳಲು ಅವರು ಒಪ್ಪುತ್ತಿಲ್ಲ. ಆದ್ದರಿಂದ ಆ ಕೊನೆಯ ಸಾಲು ಗುರುವಾರದೊಳಗೆ ಬದಲಾಗಬೇಕು. ಅದಕ್ಕೆ ನಿಮ್ಮ ಒಂದು ಸಹಿ ಬೇಕು. ಮೂರು ಅರ್ಜಿಗಳಲ್ಲಿ ಇದನ್ನು ಕೇಳಿ ಆಗಿದೆ. ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರೆದುರು ಕೇಳುತ್ತಿದ್ದೇನೆ.

ನಾನು ಡಾಕ್ಟರಲ್ಲ, ದರ್ಜಿ. ನಿಮ್ಮ ಆಸ್ಪತ್ರೆಯ ಹಿಂದಿನ ಗೇಟಿನಿಂದ ಹೊರಟು ಕನ್ನಡಕದ ಅಂಗಡಿ ದಾಟಿದರೆ ಸಿಗುವ ಎರಡು ಬಾಗಿಲಿನ ಅಂಗಡಿ ನನ್ನದು. ನನ್ನದು ಅನ್ನುವುದು ಬೋರ್ಡಿನ ಮಟ್ಟಿಗೆ. ಒಳಗೆ ನಡೆಯುವುದು ಅಕ್ಕನ ಮಾತು. ಆಕೆ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು, ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಕೋಟಿಗೆ ಕಾಲರು ಕೂರಿಸುವವರೆಗೆ ಕಲಿಸಿದವಳು, ನನಗೆ ಮದುವೆ ಮಾಡಿಸಿ ಈಗ ನನ್ನ ಹೆಂಡತಿಯ ಪಕ್ಷ ವಹಿಸಿಕೊಂಡು ನನ್ನನ್ನೇ ಬೈಯುವವಳು. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುವುದರಿಂದ ಗಿರಾಕಿಗಳೆಲ್ಲ ಆಕೆಯನ್ನು ಟೇಪಕ್ಕ ಎನ್ನುತ್ತಾರೆ. ನನ್ನನ್ನು ಅವರು ಮಾಸ್ಟರ್ ಎಂದು ಕರೆದಾಗ ಅಕ್ಕ ಗುಂಡಿಯ ಕಾಜಾ ಹೊಲಿಯುತ್ತ, ತಲೆಯೆತ್ತದೆ, ಮೂಗಿನಲ್ಲೇ ನಗುತ್ತಾಳೆ.

ನನ್ನ ಮತ್ತು ನಿಮ್ಮ ಪರಿಚಯ ಹಳೆಯದು, ಮಾನ್ಯರೇ. ನೀವು ಮರೆತಿರಬಹುದು. ಐದು ವರ್ಷದ ಹಿಂದೆ ನಿಮ್ಮ ಆಸ್ಪತ್ರೆಯ ರೋಗಿಗಳಿಗೆ ಇನ್ನೂರು ಗೌನು ಹೊಲಿದುಕೊಡುವ ಕೆಲಸ ನನಗೆ ಸಿಕ್ಕಿತ್ತು. ಹಿಂದೆ ದಾರ ಕಟ್ಟುವ, ಮೊಣಕಾಲು ಮುಚ್ಚುವ, ತೊಟ್ಟವರ ಮಾನವನ್ನು ಅರ್ಧ ಮಾತ್ರ ಕಾಪಾಡುವ ಆ ಹಸಿರು ಗೌನು. ಮಾದರಿಗೆಂದು ಒಂದು ಗೌನನ್ನು ಹೊಲಿದುಕೊಟ್ಟೆ. ನಿಮ್ಮ ಉಗ್ರಾಣದವರು ಅದಕ್ಕೆ ಅರಗಿನ ಮೊಹರು ಹಾಕಿ ಬೀರುವಿನಲ್ಲಿಟ್ಟುಕೊಂಡರು. ನಾನು ಅದೇ ಅಳತೆಗೆ ರಟ್ಟಿನ ನಮೂನೆ ಕತ್ತರಿಸಿಕೊಂಡು ಕೆಲಸ ಶುರು ಮಾಡಿದೆ. ಎಂಟೆಂಟು ಪದರ ಬಟ್ಟೆ ಹಾಸಿ ಒಟ್ಟಿಗೇ ಕತ್ತರಿಸುವುದು ನಮ್ಮ ಪದ್ಧತಿ. ಇನ್ನೂರು ಗೌನಿಗೆ ಇಪ್ಪತ್ತೈದು ಸಲ.

ಮೊದಲ ದಿನವೇ ರಟ್ಟು ಬಟ್ಟೆಯ ರಾಶಿಯ ಅಡಿಗೆ ಹೋಯಿತು. ಹುಡುಕಲು ಸೋಮಾರಿತನ. ಆಗಷ್ಟೇ ಕತ್ತರಿಸಿದ್ದ ತುಂಡನ್ನೇ ಮುಂದಿನ ಹಾಸಿನ ಮೇಲಿಟ್ಟು ಸುತ್ತ ಚಾಕ್ ಎಳೆದು ಕತ್ತರಿಸಿದೆ. ಅದರ ಮುಂದಿನದಕ್ಕೆ ಇದರ ತುಂಡು. ಹೀಗೆ ಇಪ್ಪತ್ತೈದು ಸಲ. ಹೊಲಿಗೆ ಬಲ್ಲವರಿಗೆ ಇದೇನೆಂದು ಗೊತ್ತು. ಪ್ರತಿ ಸಲವೂ ಚಾಕಿನ ಗೆರೆಯ ದಪ್ಪದಷ್ಟು ಬಟ್ಟೆ ಬೆಳೆಯುತ್ತದೆ. ಒಂದು ಗೆರೆಯ ದಪ್ಪ ಯಾವ ಲೆಕ್ಕ? ಕಣ್ಣಿಗೆ ಕಾಣದು, ಕೈಗೆ ಸಿಗದು. ಕೊನೆಯ ಹಾಸಿನ ಗೌನು ಎದೆಯ ಸುತ್ತಳತೆಯಲ್ಲಿ ಒಂದೂವರೆ ಇಂಚು ದೊಡ್ಡದಾಗಿತ್ತು, ನನಗೆ ಮಾತ್ರ ಅದರ ಸುಳಿವೇ ಇರಲಿಲ್ಲ.

ನಿಮ್ಮ ಉಗ್ರಾಣದ ಮೇಲ್ವಿಚಾರಕರಿಗೆ ಸುಳಿವು ಸಿಕ್ಕಿತು. ಕಟ್ಟಿನಿಂದ ಒಂದನ್ನು ಎಳೆದು, ಬೀರುವಿನಿಂದ ಮೊಹರಿನ ಗೌನು ತೆಗೆದು, ಎರಡನ್ನೂ ಮೇಜಿನ ಮೇಲೆ ಹಾಸಿದರು. ನಾನು ವಾದಕ್ಕಿಳಿದೆ. ಯಾವ ಗೌನನ್ನಾದರೂ ಎತ್ತಿಕೊಳ್ಳಿ ಸಾರ್, ಅದರ ಹಿಂದಿನದರ ಪಕ್ಕ ಇಟ್ಟು ನೋಡಿ, ಒಂದೆಳೆ ವ್ಯತ್ಯಾಸ ಕಂಡರೆ ಕೇಳಿ ಎಂದೆ. ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ.

“ಹಿಂದಿನದರ ಪಕ್ಕ ಇಟ್ರೆ ನಿನ್ನ ತಪ್ಪು ಯಾವತ್ತೂ ಕಾಣಲ್ಲಪ್ಪ. ಮೊದಲನೇದರ ಪಕ್ಕ ಇಡು.”

ಇನ್ನೂರು ಗೌನೂ ವಾಪಸು ಬಂದವು. ಜೊತೆಗೊಂದು ಪತ್ರ: ‘ಮೂಲ ಮಾದರಿಗೆ ಹೋಲಿಸಿದಾಗ ಎದೆಯ ಸುತ್ತಳತೆಯಲ್ಲಿ ಒಂದೂವರೆ ಇಂಚು ಹೆಚ್ಚಳ ಕಂಡುಬಂದಿದೆ. ತಿರಸ್ಕರಿಸಲಾಗಿದೆ.’ ಕೆಳಗೆ ನಿಮ್ಮ ಸಹಿ. ಆಗಲೂ ಆ ಕುರ್ಚಿಯಲ್ಲಿ ನೀವೇ ಇದ್ದಿರಿ. ನಾನೂ ಅಕ್ಕನೂ ಹನ್ನೊಂದು ದಿನ ಎದುರುಬದುರು ಕೂತು ಪಕ್ಕದ ಹೊಲಿಗೆಗಳನ್ನು ಬಿಚ್ಚಿ ಮತ್ತೆ ಹೊಲಿದೆವು. ಬೈಗುಳದ ಅಗತ್ಯವಿಲ್ಲವೆಂದು ಅಕ್ಕ ಆ ಪತ್ರವನ್ನು ಕಟಿಂಗ್ ಟೇಬಲಿನ ಎದುರು ಗೋಡೆಗೆ ಅಂಟಿಸಿದಳು. ಅದು ಈಗಲೂ ಅಲ್ಲೇ ಇದೆ. ನೀವು ಮಾಡಿದ್ದು ಸರಿಯಾಗಿತ್ತು, ಮಾನ್ಯರೇ. ಅದನ್ನು ಅಂದೂ ಒಪ್ಪಿದ್ದೆ, ಇಂದೂ ಒಪ್ಪುತ್ತೇನೆ. ಈ ಪತ್ರ ಬರೆಯುವ ಧೈರ್ಯ ಬಂದಿರುವುದೇ ಅದರಿಂದ.

ಎರಡು ವರ್ಷದ ಹಿಂದೆ ಅಕ್ಕನ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಕಂಡುಬಂತು. ನಿಮ್ಮಲ್ಲೇ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಮಾಡಿದ ಕೈಗಳಿಗೆ ನನ್ನ ನಮಸ್ಕಾರ. ಮುಂದಿನ ತಿಂಗಳು ಮೊದಲ ಸ್ಕ್ಯಾನು. ಹಸಿದ ಹೊಟ್ಟೆಯಲ್ಲಿ ಬರಹೇಳಿ, ದೊಡ್ಡ ಬಾಟಲಿಯ ತುಂಬ ಏನೋ ಕಲಸಿದ ನೀರು ಕೊಟ್ಟು ಗುಟುಕು ಗುಟುಕಾಗಿ ಒಂದು ಗಂಟೆ ಕುಡಿಸಿದರು. ಟೇಪಿನ ತುದಿಗಳಲ್ಲಿ ಲೋಹದ ಪಟ್ಟಿ ಇದ್ದುದರಿಂದ ಅದನ್ನು ತೆಗೆಸಿದರು. ಅಕ್ಕ ಟೇಪನ್ನು ಕೊರಳಿನಿಂದ ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಆಕೆಯ ಕೊರಳನ್ನು ಹಗಲು ಹೊತ್ತಿನಲ್ಲಿ ಹಾಗೆ ಬರಿದಾಗಿ ನಾನು ನೋಡಿದ್ದೇ ಇಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಟೇಪನ್ನು ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದೆ. ಅರ್ಧ ಗಂಟೆಗೆ ಹೊರಬಂದಳು. ಭಯವಾಯಿತಾ ಎಂದು ಕೇಳಿದರೆ, ತೊಟ್ಟಿದ್ದ ಹಸಿರು ಗೌನಿನ ಪಕ್ಕದ ಹೊಲಿಗೆಯನ್ನು ಹಿಡಿದು ತೋರಿಸಿ, ಇದು ನಮ್ಮದೇ ಕಣೋ, ಎರಡನೇ ಸಲ ಹೊಲಿದಿದ್ದು ಎಂದಳು. ಕೈಗೆ ಔಷಧಿ ಚುಚ್ಚಿದಾಗ ಮೈಯೆಲ್ಲ ಬಿಸಿಯಾಯಿತಂತೆ. ಗೋಡೆಯೊಳಗಿಂದ ಒಂದು ದನಿ ‘ಉಸಿರು ಹಿಡಿಯಿರಿ’ ಅಂತ ಹೇಳಿ, ಬಿಡಿ ಅನ್ನುವುದನ್ನು ಮರೆತೇಬಿಟ್ಟಿತೇನೋ ಅನ್ನಿಸಿತಂತೆ.

ಆ ಮೊದಲ ವರದಿಯಲ್ಲೇ ಚುಕ್ಕೆ ಇತ್ತು. ಲಿವರಿನ ಬಲಭಾಗದ ಅಂಚಿನಲ್ಲಿ, ಒಂಬತ್ತು ಮಿಲಿಮೀಟರು. ತೀರಾ ಚಿಕ್ಕದು, ಇಂಥದ್ದೇ ಎಂದು ಹೇಳಲಾಗದು, ಗಮನದಲ್ಲಿಡಿ ಎಂದು ಬರೆದಿದ್ದರು. ಇದರಲ್ಲೂ ನನಗೆ ತಕರಾರಿಲ್ಲ. ಅಷ್ಟು ಚಿಕ್ಕದನ್ನು ನೋಡಿ ಯಾರೂ ಭವಿಷ್ಯ ಹೇಳಲಾರರು. ನನ್ನ ಪ್ರಶ್ನೆ ‘ಗಮನದಲ್ಲಿಡಿ’ ಎಂಬ ಮಾತಿನ ಬಗ್ಗೆ. ಯಾರ ಗಮನದಲ್ಲಿ? ಯಾವ ಬೀರುವಿನಲ್ಲಿ? ಯಾವ ಮೊಹರು ಹಾಕಿ?

ಅಲ್ಲಿಂದ ನಾಲ್ಕು ತಿಂಗಳಿಗೊಮ್ಮೆ ಆರು ಸ್ಕ್ಯಾನು. ಪ್ರತಿ ಸಲವೂ ಅದೇ ಬಾಟಲಿ, ಅದೇ ಬೆಂಚು, ನನ್ನ ಕೈಯಲ್ಲಿ ಅದೇ ಟೇಪು. ಮೂರನೆಯ ದಿನ ಕೌಂಟರಿನಲ್ಲಿ ಲಕೋಟೆ ಕೊಡುತ್ತಿದ್ದರು. ಮೆಟ್ಟಿಲ ಮೇಲೆ ನಿಂತೇ ಲಕೋಟೆ ಹರಿದು, ಹಾಳೆಯ ಬುಡಕ್ಕೆ ಕಣ್ಣು ಹಾಯಿಸಿ, ‘ಗಮನಾರ್ಹ ಬದಲಾವಣೆ ಇಲ್ಲ’ ಎಂದು ಓದಿ ಅಕ್ಕನಿಗೆ ಫೋನು ಮಾಡುತ್ತಿದ್ದೆ. ಆವತ್ತು ಮನೆಯಲ್ಲಿ ಎಲ್ಲರಿಗೂ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ. ರಕ್ತಪರೀಕ್ಷೆಗಳೂ ಆತಂಕಪಡುವಂಥದ್ದೇನನ್ನೂ ಹೇಳಿರಲಿಲ್ಲ. ಆ ಹಾಳೆಯ ನಡುವೆ, ಸಣ್ಣ ಅಕ್ಷರಗಳಲ್ಲಿ, ಅಳತೆ ಇತ್ತು. ಹಗಲೆಲ್ಲ ಅಳತೆ ಬರೆದುಕೊಂಡೇ ಬದುಕುವ ನಾನು ಅದನ್ನು ಒಂದು ಸಲವೂ ಓದಲಿಲ್ಲ. ಈ ಪತ್ರದಲ್ಲಿ ತಪ್ಪಿತಸ್ಥರ ಪಟ್ಟಿ ಮಾಡುವುದಾದರೆ ನನ್ನ ಹೆಸರನ್ನೂ ಸೇರಿಸಿಕೊಳ್ಳಿ. ಈ ಮಾತು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಓದಿದವಳು ಅಕ್ಕ. ಕಳೆದ ತಿಂಗಳು ಏಳನೆಯ ವರದಿ ಬಂದ ಮೇಲೆ ಫೈಲು ಹರಿದುಹೋಗಿದೆಯೆಂದು ಹೊಸದಕ್ಕೆ ಕಾಗದ ಜೋಡಿಸಲು ಕೂತಳು. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ನಾನೊಂದು ಪ್ಯಾಂಟಿಗೆ ಇಸ್ತ್ರಿ ಮಾಡುತ್ತಿದ್ದೆ. ಅಕ್ಕ ಏಳೂ ವರದಿಗಳನ್ನು ಕಟಿಂಗ್ ಟೇಬಲಿನ ಮೇಲೆ ಸಾಲಾಗಿ ಹರಡಿಕೊಂಡಿದ್ದಳು. ತಿರುಗಿ ನೋಡಿದರೆ ನೀಲಿ ಚಾಕ್ ಹಿಡಿದು, ಮೇಜಿಗೆ ಹಾಸಿದ ಕಪ್ಪು ಬಟ್ಟೆಯ ಮೇಲೆ ಗೆರೆಗಳನ್ನು ಎಳೆಯುತ್ತಿದ್ದಾಳೆ. ಒಂದರ ಕೆಳಗೊಂದು, ಟೇಪಿಟ್ಟು ಅಳೆದು, ಏಳು ಗೆರೆ. ಒಂಬತ್ತು, ಹನ್ನೊಂದು, ಹನ್ನೆರಡು, ಹದಿನಾಲ್ಕು, ಹದಿನಾರು, ಹತ್ತೊಂಬತ್ತು, ಇಪ್ಪತ್ತೊಂದು. ಯಾವ ಗೆರೆಯೂ ತನ್ನ ಮೇಲಿನದಕ್ಕಿಂತ ಹೇಳಿಕೊಳ್ಳುವಷ್ಟು ಉದ್ದವಿಲ್ಲ. ಮೊದಲನೆಯದನ್ನೂ ಕೊನೆಯದನ್ನೂ ನೋಡಿದರೆ ಮಾತ್ರ ಎರಡು ಪಟ್ಟನ್ನೂ ಮೀರಿದ್ದು ಕಾಣುತ್ತದೆ.

“ಲೋ, ಇಲ್ಲಿ ಬಾ,” ಎಂದಳು. ಹೋಗಿ ನಿಂತೆ. ಗೋಡೆಯ ಮೇಲಿದ್ದ ನಿಮ್ಮ ಪತ್ರವನ್ನು ಚಾಕಿನಿಂದಲೇ ತೋರಿಸಿದಳು. “ಇದು ನಿನ್ನ ಗೌನೇ ಕಣೋ.”

ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಪ್ಯಾಂಟು ಸುಟ್ಟ ವಾಸನೆ ಬಂದಾಗಲೇ ನನಗೆ ಎಚ್ಚರವಾದದ್ದು.

ಮರುದಿನ ಏಳು ವರದಿ ಹಿಡಿದು ಕ್ಯಾನ್ಸರ್ ವಿಭಾಗದ ಡಾಕ್ಟರ ಮುಂದೆ ಕೂತೆವು. ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿ ಮುಖ ಸಣ್ಣದು ಮಾಡಿಕೊಂಡರು. ಪ್ರತಿ ಭೇಟಿಯಲ್ಲೂ ತಮ್ಮ ಮುಂದೆ ಹೊಸ ವರದಿಯೊಂದೇ ಇರುತ್ತಿತ್ತೆಂದೂ ಅದರ ಕೊನೆಯ ಸಾಲನ್ನೇ ತಾವು ನಂಬಿದ್ದಾಗಿಯೂ ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡರು. ಇದು ಹರಡಿದ ಕ್ಯಾನ್ಸರೇ ಇರುವ ಸಾಧ್ಯತೆ ಹೆಚ್ಚು, ಒಂದೇ ಇರುವಾಗ ತೆಗೆದರೆ ಅಕ್ಕನಿಗೆ ಒಳ್ಳೆಯ ಅವಕಾಶವಿದೆ ಎಂದರು. ಅಂದೇ ಆಕೆಯ ಹೆಸರನ್ನು ಸಭೆಗೆ ಕಳಿಸಿದರು. ಅದು ಹೇಗೆ ಹೋಯಿತೋ ಹಾಗೇ ವಾಪಸು ಬಂದುದನ್ನು ಮೇಲೆ ಹೇಳಿದ್ದೇನೆ.

ಆಮೇಲೆ ಸ್ಕ್ಯಾನಿನ ಚಿತ್ರಗಳನ್ನು ಓದುವ ಡಾಕ್ಟರೊಬ್ಬರನ್ನು ಹುಡುಕಿಕೊಂಡು ಹೋದೆ. ಅವರು ಯಾರೆಂದು ಹೇಳುವುದಿಲ್ಲ. ಅವರು ಕೂರುವುದು ಕತ್ತಲೆ ಕೋಣೆಯಲ್ಲಿ, ಅಲ್ಲಿ ಎಲ್ಲರ ಮುಖವೂ ಪರದೆಯ ಬೆಳಕಿನಲ್ಲಿ ಒಂದೇ ಥರ ಬೂದಿ ಬಣ್ಣ. ನೀವು ವಿಚಾರಣೆ ನಡೆಸಿದರೂ ಗುರುತು ಹಿಡಿಯುವುದು ನನ್ನಿಂದಾಗದು. ದಿನಕ್ಕೆ ಎಂಬತ್ತು ಜನರ ಸ್ಕ್ಯಾನು ಓದುತ್ತಾರಂತೆ. ಒಬ್ಬೊಬ್ಬರದ್ದು ನೂರಾರು ಚಿತ್ರ. ಊಟದ ಡಬ್ಬಿ ಮುಚ್ಚಳ ತೆಗೆದ ಹಾಗೇ ಇತ್ತು, ಅನ್ನ ಒಣಗಿತ್ತು. ನಾನು ಕೇಳಿದ್ದಕ್ಕೆ ಅವರು ಸುತ್ತಿಬಳಸದೆ ಉತ್ತರ ಕೊಟ್ಟರು.

“ನಮ್ಮ ಮುಂದೆ ಇವತ್ತಿನದು ತೆರ್ಕೊಳ್ಳುತ್ತೆ, ಅದರ ಹಿಂದಿನದೊಂದು ತೆರ್ಕೊಳ್ಳುತ್ತೆ. ಅಷ್ಟೇ. ಅದಕ್ಕಿಂತ ಹಳೇದು ಬೇಕಂದ್ರೆ ಅರ್ಜಿ ಬರೀಬೇಕು, ಅಧೀಕ್ಷಕರ ಸಹಿ ಬರಬೇಕು. ದಿನಕ್ಕೆ ಎಂಬತ್ತು ಅರ್ಜಿ ನಾನೆಲ್ಲಿಂದ ಬರೀಲಿ ಹೇಳಿ?”

ಮಾನ್ಯರೇ, ಹೋಲಿಕೆಯನ್ನು ‘ನಿಕಟಪೂರ್ವ ಪರೀಕ್ಷೆಯೊಂದಿಗೆ ಮಾತ್ರ’ ಮಾಡತಕ್ಕದ್ದು ಎಂಬ ಸುತ್ತೋಲೆ ಆ ಕೋಣೆಯ ಬಾಗಿಲಿಗೆ ಅಂಟಿದೆ. ಸಮಯದ ಸದ್ಬಳಕೆಗಾಗಿ ಎಂದು ಕಾರಣ ಕೊಟ್ಟಿದ್ದೀರಿ. ಯಾರ ಸಮಯ ಎಂದು ಕೇಳಬಹುದೇ? ಪರದೆಯ ಮುಂದಿನ ಎರಡು ನಿಮಿಷ ಉಳಿಯಿತು. ಆ ಎರಡು ನಿಮಿಷವನ್ನು ಯಾರ ಆಯುಸ್ಸಿನಿಂದ ಕತ್ತರಿಸಿಕೊಂಡಿರಿ ಎಂಬುದನ್ನು ಸುತ್ತೋಲೆ ಹೇಳುವುದಿಲ್ಲ. ಉಗ್ರಾಣದಲ್ಲಿ ಗೌನು ಅಳೆಯುವಾಗ ಈ ಸುತ್ತೋಲೆ ಏಕಿರಲಿಲ್ಲ? ಬಟ್ಟೆಗೆ ಮೊಹರಿನ ಮಾದರಿ, ಮನುಷ್ಯನ ಲಿವರಿಗೆ ಕಳೆದ ಸಲದ ತುಂಡು. ಇದು ಯಾವ ಸೀಮೆಯ ನ್ಯಾಯ?

ನನ್ನ ಮೊದಲ ಅರ್ಜಿಗೆ ನಿಮ್ಮ ಕಚೇರಿ ಕೊಟ್ಟ ಉತ್ತರವನ್ನು ಇಲ್ಲಿ ಯಥಾವತ್ತಾಗಿ ಕೊಡುತ್ತೇನೆ: ‘ಪರಿಶೀಲಿಸಲಾಗಿ, ಪ್ರತಿಯೊಂದು ವರದಿಯೂ ಅದರ ಹಿಂದಿನ ವರದಿಗೆ ಅನುಗುಣವಾಗಿಯೇ ಇದ್ದು, ಯಾವುದೇ ಲೋಪ ಕಂಡುಬಂದಿರುವುದಿಲ್ಲ.’ ಓದಿ ನಗುವುದೋ ಅಳುವುದೋ ತಿಳಿಯಲಿಲ್ಲ. ನಿಮ್ಮ ಉಗ್ರಾಣದಲ್ಲಿ ನಿಂತು ನಾನು ಆಡಿದ ಮಾತೇ ಅದು! ಅದೇ ಮಾತಿಗೆ ನನ್ನ ಇನ್ನೂರು ಗೌನು ವಾಪಸು ಬಂದವು. ನೀವು ಅದನ್ನೇ ಲೆಟರ್‌ಹೆಡ್ಡಿನ ಮೇಲೆ ಅಚ್ಚು ಹಾಕಿಸಿದರೆ ಆಡಳಿತ ಎನ್ನಿಸಿಕೊಳ್ಳುತ್ತದೆ.

ಎರಡನೆಯ ಅರ್ಜಿಗೆ ಬಂದ ಉತ್ತರದಲ್ಲಿ ವಿಜ್ಞಾನವಿತ್ತು. ಎರಡು ಮೂರು ಮಿಲಿಮೀಟರಿನ ವ್ಯತ್ಯಾಸ ಅಳೆಯುವವರ ಕೈ, ಯಂತ್ರದ ಪದರ, ರೋಗಿಯ ಉಸಿರು ಇವುಗಳಿಂದಲೂ ಬರಬಹುದು, ಅದನ್ನು ಬೆಳವಣಿಗೆ ಎಂದು ಪರಿಗಣಿಸಲಾಗದು ಎಂದಿದ್ದೀರಿ. ನಿಜ. ಒಬ್ಬನೇ ಗಿರಾಕಿಯ ಸೊಂಟವನ್ನು ಊಟಕ್ಕೆ ಮುಂಚೆ, ಊಟದ ನಂತರ ಅಳೆದರೆ ನನ್ನ ಟೇಪೂ ಬೇರೆ ಬೇರೆ ಹೇಳುತ್ತದೆ. ಆದರೆ ಕೈತಪ್ಪು ಒಮ್ಮೆ ಹೆಚ್ಚು ತೋರಿಸುತ್ತದೆ, ಒಮ್ಮೆ ಕಡಿಮೆ ತೋರಿಸುತ್ತದೆ. ಆರು ಸಲದಲ್ಲಿ ಒಂದು ಸಲವಾದರೂ ಆ ಚುಕ್ಕೆ ಒಂದು ಮಿಲಿಮೀಟರು ಹಿಂದೆ ಸರಿಯಬೇಕಿತ್ತಲ್ಲವೇ? ಆರಕ್ಕೆ ಆರೂ ಸಲ ಒಂದೇ ದಿಕ್ಕಿಗೆ ತಪ್ಪುವ ಟೇಪನ್ನು ನಾವು ಟೇಪು ತಪ್ಪಿದೆ ಎನ್ನುವುದಿಲ್ಲ, ಗಿರಾಕಿ ದಪ್ಪಗಾಗಿದ್ದಾನೆ ಎನ್ನುತ್ತೇವೆ.

ಮೂರನೆಯ ಅರ್ಜಿಯಲ್ಲಿ ನಾನು ಜಗಳ ಬಿಟ್ಟು ಬರೀ ಕೇಳಿದೆ: ಮೊದಲ ಸ್ಕ್ಯಾನಿನ ಚಿತ್ರ ತೆಗೆಸಿ, ಏಳನೆಯದರ ಪಕ್ಕದಲ್ಲಿಟ್ಟು, ವರದಿಗೆ ಒಂದು ತಿದ್ದುಪಡಿ ಬರೆಸಿಕೊಡಿ. ಅದಕ್ಕೆ ನಿಮ್ಮ ಗುಮಾಸ್ತರು ಬಾಯಿಮಾತಿನಲ್ಲೇ ಉತ್ತರ ಕೊಟ್ಟರು. ಎರಡು ವರ್ಷಕ್ಕಿಂತ ಹಳೆಯ ಚಿತ್ರಗಳನ್ನು ಅಳಿಸಿಹಾಕುತ್ತಾರಂತೆ. ಅಕ್ಕನ ಮೊದಲ ಸ್ಕ್ಯಾನಿಗೆ ಕಳೆದ ತಿಂಗಳು ಎರಡು ವರ್ಷ ತುಂಬಿತು. ಹೋಲಿಸಲು ಈಗ ಏನೂ ಉಳಿದಿಲ್ಲವಾದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಜೊತೆಗೆ, ಹಳೇ ವರದಿ ಹೊಸ ವರದಿ ಅಂತ ರೋಗಿಗಳು ಹೋಲಿಸಿಕೊಳ್ಳುತ್ತ ಕೂತರೆ ಸುಮ್ಮನೆ ಮನಸ್ಸಿಗೆ ತೊಂದರೆ ಎಂದು ಬುದ್ಧಿವಾದ ಬೇರೆ. ನಿಮ್ಮ ಕಾಳಜಿ ದೊಡ್ಡದು. ಅಕ್ಕನ ಮನಸ್ಸಿಗೆ ತೊಂದರೆಯಾಗದಿರಲೆಂದು ಆಕೆಯ ಲಿವರಿನ ವಿಷಯವನ್ನು ಆಕೆಯಿಂದಲೇ ಮುಚ್ಚಿಟ್ಟಿರಿ.

ಅಂಗಡಿಗೆ ಬಂದು ಗುಮಾಸ್ತರ ಮಾತನ್ನು ಹೇಳಿದೆ. ಅಕ್ಕ ಅಂಗಡಿಯ ಕಿಟಕಿಯತ್ತ ನೋಡಿದಳು. ಬಟ್ಟೆಯ ಥಾನುಗಳ ಮೇಲೆ ಪಾರಿವಾಳ ಕೂತು ಗಲೀಜು ಮಾಡುತ್ತವೆಂದು ಕಿಟಕಿಗೆ ದಾರ ಕಟ್ಟಿ ಮಿರುಗುವ ಬಿಲ್ಲೆಗಳನ್ನು ನೇತುಹಾಕಿದ್ದೇವೆ. ಅದರಲ್ಲೊಂದು ಆ ಮೊದಲ ಸ್ಕ್ಯಾನಿನ ವರದಿಯ ಜೊತೆ ನೀವೇ ಕೊಟ್ಟ ಚಿತ್ರಗಳ ಸಿ.ಡಿ. ಎರಡನೆಯ ಸ್ಕ್ಯಾನು ಆದ ಮೇಲೆ, ಹಳೆಯದು ಇನ್ನು ಬೇಕಾಗುವುದಿಲ್ಲ ಎಂದು ನಿಮ್ಮ ಕೌಂಟರಿನಲ್ಲೇ ಹೇಳಿದ್ದರು. ಬಿಸಾಡಲು ಮನಸ್ಸಾಗದೆ ಅಕ್ಕ ಅದನ್ನು ಪಾರಿವಾಳಗಳಿಗೆ ಕಟ್ಟಿದ್ದಳು. ಹತ್ತಿರ ಹತ್ತಿರ ಎರಡು ವರ್ಷ ನಿಮ್ಮ ದಾಖಲೆ ಕೋಣೆಗಿಂತ ಚೆನ್ನಾಗಿ ನಮ್ಮ ಕಿಟಕಿ ಅದನ್ನು ಕಾಪಾಡಿದೆ. ಬಿಸಿಲಿಗೆ ಲೇಬಲ್ಲು ಬಿಳಿಚಿಕೊಂಡಿದೆ, ಆದರೂ ಅಕ್ಕನ ಹೆಸರು, ತಾರೀಖು, ನಿಮ್ಮ ಆಸ್ಪತ್ರೆಯ ಮುದ್ರೆ ಓದಲು ಬರುತ್ತವೆ. ಕತ್ತಲೆ ಕೋಣೆಯ ಆ ಡಾಕ್ಟರು ಊಟದ ಬಿಡುವಿನಲ್ಲಿ ತಮ್ಮ ಸ್ವಂತ ಕಂಪ್ಯೂಟರಿಗೆ ಹಾಕಿ ನೋಡಿದರು. ತೆರೆಯಿತು. ಚುಕ್ಕೆಯನ್ನು ಹುಡುಕಿ, ಎರಡು ತುದಿಗೆ ಗುರುತಿಟ್ಟು ಅಳೆದರು. ಒಂಬತ್ತು. ಅದೇ ಪರದೆಯ ಮೇಲೆ ಪಕ್ಕದಲ್ಲೇ ಏಳನೆಯದನ್ನಿಟ್ಟು ಅಳೆದರು. ಇಪ್ಪತ್ತೊಂದು. ತಿದ್ದುಪಡಿಯನ್ನು ಈಗಲೇ ಬರೆದುಕೊಡಲು ಸಿದ್ಧ, ಆದರೆ ಸಹಿಯಾಗಿ ಹೋದ ವರದಿಯನ್ನು ತೆರೆಯಲೂ ಹೊರಗಿನ ಸಿ.ಡಿ.ಯನ್ನು ಹೋಲಿಕೆಗೆ ಸೇರಿಸಲೂ ನಿಮ್ಮ ಅನುಮತಿ ಬೇಕು ಎಂದರು.

ಗುಮಾಸ್ತರ ಬಳಿಗೆ ಮತ್ತೆ ಹೋದೆ. ಅವರು ಸಿ.ಡಿ.ಯನ್ನು ತಿರುಗಿಸಿ ನೋಡಿ, ಇದು ಹೊರಗಿನದು, ಮೊಹರಿಲ್ಲ ಎಂದರು. ನಿಮ್ಮಲ್ಲೇ ಕೊಟ್ಟದ್ದು ಎಂದೆ. ಕೊಟ್ಟ ಮೇಲೆ ಹೊರಗೆ ಹೋಯಿತಲ್ಲ ಎಂದರು. ಮಾನ್ಯರೇ, ಅಕ್ಕನೂ ನಿಮ್ಮಲ್ಲಿಂದ ಆಗಾಗ ಹೊರಗೆ ಬರುತ್ತಾಳೆ. ಆಕೆಯನ್ನು ಮತ್ತೆ ಒಳಗೆ ಹೇಗೆ ಸೇರಿಸಿಕೊಳ್ಳುತ್ತೀರೋ.

ಇದೆಲ್ಲ ಒಬ್ಬ ದರ್ಜಿಯ ಅಕ್ಕನ ಕಥೆ ಎಂದು ಪಕ್ಕಕ್ಕಿಡಬೇಡಿ. ಆ ಬೆಂಚಿನ ಮೇಲೆ ಎರಡು ವರ್ಷದಲ್ಲಿ ನನ್ನ ಪಕ್ಕ ಎಷ್ಟು ಜನ ಕೂತಿದ್ದರು. ಗಂಡನ ಚಪ್ಪಲಿ ಮಡಿಲಲ್ಲಿಟ್ಟುಕೊಂಡಿದ್ದ ಹೆಂಗಸು, ತಾಯಿಯ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಹಿಡಿದಿದ್ದ ಬಸ್ ಕಂಡಕ್ಟರು. ಅವರೂ ಲಕೋಟೆ ಹರಿದು ಬುಡದ ಸಾಲನ್ನೇ ಓದಿ, ನನ್ನಂತೆಯೇ ನಕ್ಕು ಮನೆಗೆ ಹೋದವರು. ಅವರಲ್ಲಿ ಎಷ್ಟು ಜನರ ಚುಕ್ಕೆ ಪ್ರತಿ ಸಲವೂ ಒಂದು ಗೆರೆಯಷ್ಟು ಬೆಳೆಯುತ್ತಿದೆಯೋ ನನಗೆ ತಿಳಿಯದು. ನಿಮಗೂ ತಿಳಿಯದು, ಯಾಕೆಂದರೆ ತಿಳಿದುಕೊಳ್ಳಬಾರದೆಂದು ನೀವೇ ಆಜ್ಞೆ ಮಾಡಿದ್ದೀರಿ. ಇದನ್ನು ಓದುತ್ತಿರುವವರ ಮನೆಯಲ್ಲಿ ಅಂಥ ಹಾಳೆಗಳಿದ್ದರೆ ದಯವಿಟ್ಟು ಎಲ್ಲವನ್ನೂ ಸಾಲಾಗಿ ಹರಡಿ, ನಡುವಿನ ಸಣ್ಣ ಅಕ್ಷರ ಓದಿ, ಅರ್ಥವಾಗದಿದ್ದರೆ ಡಾಕ್ಟರ ಮುಂದೆ ಹರಡಿ. ಅವರಿಗೆ ಬೇಸರವಾದರೆ ಆಗಲಿ.

ಈ ಪತ್ರ ಬರೆಯುವುದು ಬೇಡ ಎಂದು ನನ್ನ ಹೆಂಡತಿ ಹೇಳಿದಳು. ನಾಳೆ ಆ ಬಾಗಿಲಿಗೇ ಹೋಗಬೇಕು, ಅವರನ್ನು ಎದುರು ಹಾಕಿಕೊಂಡರೆ ಅಕ್ಕನಿಗೆ ತೊಂದರೆಯಾದೀತು ಎಂಬುದು ಅವಳ ಹೆದರಿಕೆ. ಹೆದರಿಕೆ ನನಗೂ ಇದೆ. ನಾವಿಬ್ಬರೂ ಅಕ್ಕನನ್ನೇ ಕೇಳಿದೆವು. ಆಕೆ ಒಂದು ಶರ್ಟಿನ ಕೊನೆಯ ಕಾಜಾ ಮುಗಿಸಿ, ದಾರ ಕಚ್ಚಿ ಹರಿದು, ಆಮೇಲೆ ಹೇಳಿದಳು.

“ಬರಿ. ಗೌನಿಗೆ ಆದ ನ್ಯಾಯ ನನಗಾಗಲಿ. ಅದಕ್ಕಿಂತ ಹೆಚ್ಚೇನೂ ಕೇಳಬೇಡ.”

ಹಾಗಾಗಿ ಹೆಚ್ಚೇನೂ ಕೇಳುತ್ತಿಲ್ಲ. ಆ ಸುತ್ತೋಲೆಯನ್ನು ಬಾಗಿಲಿನಿಂದ ಕಿತ್ತುಹಾಕಿ. ಕ್ಯಾನ್ಸರ್ ರೋಗಿಯ ಮೊದಲ ಸ್ಕ್ಯಾನನ್ನು, ಆತ ಬದುಕಿರುವವರೆಗೆ, ಆ ಹಸಿರು ಗೌನಿಗೆ ಕೊಟ್ಟಷ್ಟೇ ಮರ್ಯಾದೆಯಿಂದ ಕಾಪಾಡಿ. ಪ್ರತಿ ವರದಿಯ ಬುಡದಲ್ಲಿ ಮೊದಲಿನಿಂದ ಇಂದಿನವರೆಗಿನ ಅಳತೆಗಳನ್ನು ಒಂದೇ ಸಾಲಿನಲ್ಲಿ ಬರೆಸಿ. ನನ್ನಂಥ ದಡ್ಡನಿಗೂ ಕಾಣಲಿ. ಇವೆಲ್ಲಕ್ಕೆ ಸಮಿತಿ, ಸಭೆ, ಟಿಪ್ಪಣಿ ಬೇಕಾಗುತ್ತವೆ ಎನ್ನುತ್ತೀರಿ. ಆಗಲಿ, ಮಾಡಿಕೊಳ್ಳಿ. ಆದರೆ ಅಕ್ಕನ ವರದಿಯ ತಿದ್ದುಪಡಿಗೆ ಸಮಿತಿ ಬೇಡ. ಅದು ಬುಧವಾರ ಸಂಜೆಯೊಳಗೆ ಆಗಬೇಕು.

ಬುಧವಾರ ಬೆಳಗ್ಗೆ ನಿಮ್ಮ ಕಚೇರಿ ತೆರೆಯುವ ಹೊತ್ತಿಗೆ ನಾನೂ ಅಕ್ಕನೂ ನಿಮ್ಮ ಬಾಗಿಲಲ್ಲಿರುತ್ತೇವೆ. ಅಂಗಡಿಗೆ ರಜೆ, ಪಾರಿವಾಳಗಳು ಏನು ಬೇಕಾದರೂ ಮಾಡಿಕೊಳ್ಳಲಿ. ಆ ಸಿ.ಡಿ. ನನ್ನ ಜೇಬಿನಲ್ಲಿರುತ್ತದೆ. ಟೇಪು ಅಕ್ಕನ ಕೊರಳಲ್ಲೇ ಇರುತ್ತದೆ, ಈ ಸಲ ಅದನ್ನು ತೆಗೆಯುವುದಿಲ್ಲ. ಹೇಗೆ ಬರೆಯುವುದು, ಯಾವ ಪದ ಬಳಸುವುದು ಎಂದು ನೀವು ತಲೆ ಕೆಡಿಸಿಕೊಳ್ಳಬಾರದೆಂದು ಗೋಡೆಯಿಂದ ನಿಮ್ಮ ಹಳೆಯ ಪತ್ರವನ್ನೂ ಬಿಡಿಸಿ ತರುತ್ತಿದ್ದೇನೆ. ಅದರಲ್ಲಿ ವಾಕ್ಯ ಸಿದ್ಧವಾಗಿಯೇ ಇದೆ. ‘ಮಾದರಿ’ ಎಂಬಲ್ಲಿ ‘ಚಿತ್ರ’ ಎಂದು ಹಾಕಿ. ‘ಎದೆಯ ಸುತ್ತಳತೆ’ ಎಂಬಲ್ಲಿ ‘ಲಿವರಿನ ಚುಕ್ಕೆ’ ಎನ್ನಿ. ‘ಒಂದೂವರೆ ಇಂಚು’ ಹೊಡೆದುಹಾಕಿ ‘ಹನ್ನೆರಡು ಮಿಲಿಮೀಟರು’ ಎಂದು ಬರೆಯಿರಿ. ‘ಹೆಚ್ಚಳ ಕಂಡುಬಂದಿದೆ’ ಎಂಬುದು ಹಾಗೇ ಇರಲಿ. ಸಹಿಯೂ ನಿಮ್ಮದೇ, ಹೊಸದಾಗಿ ಕಲಿಯಬೇಕಾದ್ದೇನಿಲ್ಲ.

ಇಂತಿ,
ಇನ್ನೂರು ಗೌನುಗಳನ್ನು ಬಿಚ್ಚಿ ಎರಡನೇ ಸಲ ಹೊಲಿದವನು,
ಅಕ್ಕನನ್ನು ಎರಡನೇ ಸಲ ಹೊಲಿಯಲು ಬಾರದವನು,
ಹಿಂದಿನ ಗೇಟಿನ ದರ್ಜಿ